ಕಾಲ ಬಳಿಯ ವೈರು

ಜನವರಿ ೧೧

ಗುಬ್ಬಿ,

ನೀನು ಕಳಿಸಿದ ಲ್ಯಾಪ್‌ಟಾಪ್ ಕೆಟ್ಟಿದೆ. ಕೆಟ್ಟಿದೆ ಅಂದರೂ ಪೂರ್ತಿ ನಿಜವಲ್ಲ. ಇರುತ್ತದೆ, ಇರುತ್ತದೆ, ಆಮೇಲೆ ಇರುವುದಿಲ್ಲ. ಮೊದಲು ಒಳಗೆ ಏನೋ ಗುಂಯ್ ಅಂತ ಜೋರಾಗಿ ತಿರುಗುತ್ತದೆ. ಪರದೆ ನೀಲಿಯಾಗಿ, ಬಿಳಿ ಅಕ್ಷರದಲ್ಲಿ ಏನೇನೋ ಬಂದು, ಕನ್ನಡಕ ಹುಡುಕಿ ಓದುವಷ್ಟರಲ್ಲಿ ಕಪ್ಪಾಗಿರುತ್ತದೆ. ನಿನ್ನ ಭಾವ ಅರ್ಧ ವಾಕ್ಯದಲ್ಲಿ ನಿಂತುಬಿಡುತ್ತಾರೆ.

ಮೊನ್ನೆ "ಕಿಟಕಿ" ಅಂದರು, ಆರಿಹೋಯಿತು. ತೆಗೆಯಬೇಕೋ ಮುಚ್ಚಬೇಕೋ? ತೆಗೆದೆ. ಸೂರು ನೋಡಿದರು. ಮುಚ್ಚಿದೆ. ಮತ್ತೂ ಸೂರು ನೋಡಿದರು. ಅರ್ಧ ತೆಗೆದೆ. ಯಂತ್ರಕ್ಕೆ ಜೀವ ಬಂದ ಮೇಲೆ ಗೊತ್ತಾಯಿತು: "ಕಿಟಕಿಯಲ್ಲಿ ಬೆಕ್ಕು ಕೂತಿತ್ತು." ಅಷ್ಟೇ. ಅಷ್ಟು ಹೊತ್ತಿಗೆ ಬೆಕ್ಕು ತನ್ನ ದಾರಿ ಹಿಡಿದಿತ್ತು.

ನೀನು ನೋಡಿ ಹೋದಾಗಿನ ಹಾಗಿಲ್ಲ ಅವರು. ಆಗ ತೊದಲುತ್ತಿದ್ದರಾದರೂ ಮಾತಿತ್ತು. ಈಗ ಈ ನರಗಳ ಕಾಯಿಲೆ ನಾಲಿಗೆಯನ್ನೂ ತಿಂದಿದೆ, ಎರಡು ಕೈಯನ್ನೂ ತಿಂದಿದೆ. ಬಲಗೈಯ ಒಂದು ಬೆರಳು ಉಳಿದಿದೆ. ಎಡಗಾಲಿನ ಪಾದ ಒಂದಿಷ್ಟು ಆಡುತ್ತದೆ. ಯಾರಾದರೂ ಬಂದರೆ ಅದನ್ನೇ ಅಲ್ಲಾಡಿಸಿ ನಮಸ್ಕಾರ ಹೇಳುತ್ತಾರೆ. ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಬೆಳಗುತ್ತಾ ಹೋಗುತ್ತವೆ, ಬೇಕಾದ ಅಕ್ಷರ ಬಂದಾಗ ಬೆರಳಿನಿಂದ ಗುಂಡಿ ಒತ್ತುತ್ತಾರೆ, ವಾಕ್ಯ ಮುಗಿದರೆ ಯಂತ್ರ ಅದನ್ನು ಓದಿ ಹೇಳುತ್ತದೆ. ಅದೂ ಹೆಂಗಸಿನ ಧ್ವನಿಯಲ್ಲಿ. ವಾರ್ತೆ ಓದುವವಳ ಹಾಗೆ, ಸಾವಿಗೂ ಸಾರಿಗೂ ಒಂದೇ ರಾಗ. ಹೊಸಬರು ಬಂದರೆ "ಒಳಗೆ ಯಾರಿದ್ದಾರೆ?" ಅಂತ ಕತ್ತು ಚಾಚುತ್ತಾರೆ. ಜೀವಮಾನವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ ಪಕ್ಕದ ಸೀಟಿನಿಂದ "ಕ್ಲಚ್ಚು! ಕ್ಲಚ್ಚು!" ಅಂತ ಕೂಗಿ ಬೀದಿಯನ್ನೇ ಎಬ್ಬಿಸಿದ ಮನುಷ್ಯ.

ಫೋನ್ ಮಾಡಬಹುದಿತ್ತಲ್ಲ ಅಂತೀಯ. ನಮ್ಮದು ಎರಡು ಕೋಣೆ, ನಡುವೆ ಬಾಗಿಲಿಲ್ಲ. ಅವರ ಬಾಯಿ ಹೋಗಿದೆಯೇ ಹೊರತು ಕಿವಿ ಹೋಗಿಲ್ಲ. ಅವರ ವಿಷಯವನ್ನು ಅವರಿಗೆ ಕೇಳುವಂತೆ, ಅವರು ಉತ್ತರ ಕೊಡಲಾಗದ ಹೊತ್ತಿನಲ್ಲಿ ಆಡುವುದು ನನ್ನಿಂದಾಗದು. ಕೆಲಸಕ್ಕೆ ಬರುವಾಗ ಫೋನನ್ನು ಹಗಲು ನೋಡಿಕೊಳ್ಳುವ ಆಯಾ ಕೈಗೆ ಕೊಟ್ಟು ಬರುತ್ತೇನೆ. ಹಾಗಾಗಿ ಇಲ್ಲಿ ಹೋಟೆಲ್ಲಿನ ಲಾಂಡ್ರಿಯಲ್ಲಿ, ಊಟದ ಬಿಡುವಿನಲ್ಲಿ, ಬೆಡ್‌ಶೀಟು ಮಡಚುವ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಹಬೆಗೆ ಕಾಗದ ಮೆತ್ತಗಾಗಿದೆ, ಅಕ್ಷರ ಹರಡಿದ್ದರೆ ಅದಕ್ಕೆ.

ನೀನು ಬಂದು ನೋಡು ಅಂತ ಕೇಳುತ್ತಿಲ್ಲ. ಏನು ಮಾಡಬೇಕು ಅಂತ ಬರೆದು ತಿಳಿಸು, ಸಾಕು.

ಅಕ್ಕ

*

ಜನವರಿ ೧೯

ಅಕ್ಕಾ,

ನಿನ್ನ ಅಕ್ಷರ ಲಕೋಟೆಯ ಮೇಲೆ ಕಂಡು ಮಧ್ಯಾಹ್ನದವರೆಗೂ ಒಡೆಯದೆ ಇಟ್ಟುಕೊಂಡಿದ್ದೆ. ಬರೀ ಲ್ಯಾಪ್‌ಟಾಪ್ ಅಂತ ತಿಳಿದು ಉಸಿರು ಬಿಟ್ಟೆ. ಇದನ್ನು ಬರೆಯಬಾರದಿತ್ತೇನೋ, ಬರೆದಾಯಿತು.

ಗುಂಯ್ ಅನ್ನುವುದು ಒಳಗಿನ ಫ್ಯಾನು. ಯಂತ್ರ ಕಾದುಹೋಗಿ ತನ್ನನ್ನು ತಾನು ಉಳಿಸಿಕೊಳ್ಳಲು ನಿಲ್ಲುತ್ತಿದೆ. ನಿಜ ಹೇಳು, ಅದನ್ನು ಹಾಸಿಗೆಯ ಮೇಲೆ, ರಜಾಯಿಯ ಮೇಲೆ ಇಡುತ್ತೀರಿ ತಾನೇ? ನಮ್ಮ ರಿಪೇರಿ ಅಂಗಡಿಗೆ ಬರುವವರೆಲ್ಲ "ಇಲ್ಲ ಇಲ್ಲ, ಮೇಜಿನ ಮೇಲೇ" ಅನ್ನುತ್ತಾರೆ. ಬಿಚ್ಚಿದರೆ ಒಂದು ದಿಂಬಿಗಾಗುವಷ್ಟು ಹತ್ತಿ.

ಹೀಗೆ ಮಾಡು. ಆರಿಸಿ, ವೈರು ಕಿತ್ತು, ಮಗುಚಿ ಹಾಕು. ಹಿಂಬದಿಯ ಜಾಲರಿಯೊಳಗೆ ಕಡ್ಡಿ ತೂರಿಸಿ ಫ್ಯಾನಿನ ರೆಕ್ಕೆ ಅಲುಗದಂತೆ ಹಿಡಿದುಕೊ. ಸೈಕಲ್ ಪಂಪಿನಲ್ಲಿ ಗಾಳಿ ಹೊಡಿ. ಬಾಯಲ್ಲಿ ಊದಬೇಡ, ಎಂಜಲು ಹಾರುತ್ತದೆ. ಇನ್ನು ಮುಂದೆ ಅದರ ಕೆಳಗೆ ಒಂದು ಮರದ ಹಲಗೆ ಇರಲಿ.

ಇನ್ನೊಂದು. ಚಪ್ಪಟೆ ನೆಲದ ಮೇಲಿಟ್ಟು ಒತ್ತಿ ನೋಡು. ತೊಟ್ಟಿಲ ಹಾಗೆ ತೂಗಿದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದು ಹುಡುಗಾಟವಲ್ಲ, ಬೆಂಕಿ ಹತ್ತೀತು. ಹಿಂದಿರುವ ಎರಡು ಕೊಂಡಿ ಸರಿಸಿದರೆ ಬ್ಯಾಟರಿ ಕಳಚಿ ಬರುತ್ತದೆ. ಚುಚ್ಚಬೇಡ, ಕಸಕ್ಕೆ ಹಾಕಬೇಡ, ಹತ್ತಿರದ ಮೊಬೈಲ್ ಅಂಗಡಿಗೆ ಕೊಡು. ಬ್ಯಾಟರಿ ಇಲ್ಲದಿದ್ದರೂ ಕರೆಂಟಿನ ಮೇಲೆ ಓಡುತ್ತದೆ. ಆದರೆ ವೈರು ಸಡಿಲವಾದರೆ ಆ ಕ್ಷಣವೇ ಆರುತ್ತದೆ, ನೆನಪಿರಲಿ. ಹಳೇ ಮಾದರಿ, ಬದಲಿ ಬ್ಯಾಟರಿ ಸಿಗುವುದು ಕಷ್ಟ. ಹುಡುಕುತ್ತೇನೆ.

ಭಾವನಿಗೆ ನನ್ನ ನಮಸ್ಕಾರ. ನಾನು ಬರುತ್ತೇನೆ ಅಂತ ಅಂದಿದ್ದೆ. ಅಂಗಡಿಯಲ್ಲಿ ಇಬ್ಬರು ಮಾಡುವ ಕೆಲಸ ಒಬ್ಬಳ ಮೇಲೆ ಬಿದ್ದಿದೆ. ಈ ನೆಲಮಾಳಿಗೆಯಲ್ಲಿ ಕೂತು ಕೂತು ಹಗಲು ಯಾವುದು ಸಂಜೆ ಯಾವುದು ಗೊತ್ತಾಗುವುದಿಲ್ಲ.

ನಿನ್ನ ಗುಬ್ಬಿ

*

ಫೆಬ್ರವರಿ ೮

ಗುಬ್ಬಿ,

ದಿಂಬಿಗಾಗುವಷ್ಟಲ್ಲ, ಆದರೆ ಒಂದು ಬೆಕ್ಕಿನಮರಿಗೆ ಹಾಸಿಗೆಯಾಗುವಷ್ಟು ಬಂತು. ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿಕೊಂಡೇ ಮಾಡಿದೆ. ನಿನ್ನ ಭಾವ ಮಲಗಿದಲ್ಲಿಂದ ನೋಡುತ್ತಿದ್ದರು. ಬ್ಯಾಟರಿ ಊದಿತ್ತು, ಹೊಟ್ಟೆ ಉಬ್ಬರಿಸಿದ ಕಪ್ಪೆಯ ಹಾಗೆ. ಕೊಂಡಿ ಬಿಗಿಯಾಗಿತ್ತು, ಸ್ಕ್ರೂಡ್ರೈವರಿನಿಂದ ಸರಿಸಿ ತೆಗೆದೆ. ಯಂತ್ರ ಮತ್ತೆ ಶುರುವಾದ ಕೂಡಲೇ ಅವರು ಹೇಳಿದ ಮೊದಲ ಮಾತು: "ಮೆಕ್ಯಾನಿಕ್ ನಾದಿನಿ ಜಾಣೆ. ಅಕ್ಕನಿಗೆ ಸ್ಕ್ರೂಡ್ರೈವರ್ ಕೊಡಬಾರದು."

ಒಂದು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಶುರು.

ಈ ಸಲ ಬೇರೆ ಥರ. ಗುಂಯ್ ಇಲ್ಲ, ನೀಲಿ ಇಲ್ಲ. ದೀಪ ಆರಿಸಿದ ಹಾಗೆ ಪಕ್ಕನೆ ಕಪ್ಪು. ಮುಟ್ಟಿ ನೋಡಿದರೆ ತಣ್ಣಗಿರುತ್ತದೆ. ನಾನು ಎಲ್ಲ ವೈರನ್ನೂ ಕಿತ್ತು ಮತ್ತೆ ಸಿಕ್ಕಿಸುತ್ತೇನೆ, ಒತ್ತುತ್ತೇನೆ, ಹೊತ್ತಿಕೊಳ್ಳುತ್ತದೆ. ಅದು ಪೂರ್ತಿ ಎಚ್ಚರವಾಗುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿರುತ್ತದೆ, ಅಥವಾ ಬಂದ ಹಾಗೆ ಇರುತ್ತಾರೆ.

ಇದು ಸರಿಯಾಗಲೇಬೇಕು ಕೂಸೇ. ಯಾಕೆಂದರೆ ಡಾಕ್ಟರು ಒಂದು ಮಾತು ಹೇಳಿದ್ದಾರೆ. ಉಸಿರು ಕಡಿಮೆಯಾಗುತ್ತಿದೆಯಂತೆ. ಗಂಟಲಿಗೆ ತೂತು ಮಾಡಿ, ಕೊಳವೆ ಹಾಕಿ, ಉಸಿರಾಟದ ಯಂತ್ರಕ್ಕೆ ಜೋಡಿಸಿದರೆ ವರ್ಷಗಟ್ಟಲೆ ಇರಬಹುದಂತೆ. ಇಲ್ಲದಿದ್ದರೆ ಇಲ್ಲ. ನಾನು ಅಲ್ಲೇ "ಹಾಕಿ" ಅಂದೆ. ಡಾಕ್ಟರು ತಲೆ ಅಲ್ಲಾಡಿಸಿದರು. "ನೀವಲ್ಲಮ್ಮ, ಅವರು ಹೇಳಬೇಕು. ಅವರಿಗೆ ಬುದ್ಧಿ ನೆಟ್ಟಗಿದೆ. ಅವರ ಬಾಯಿಂದ ಬರಲಿ" ಅಂದರು. ಬಾಯಿಂದ! ಆ ಬಾಯಿ ಈಗ ನೀನು ಕಳಿಸಿದ ಪೆಟ್ಟಿಗೆಯಲ್ಲಿದೆ, ಆ ಪೆಟ್ಟಿಗೆಯೋ ಬೇಕಾದಾಗ ಕೈಕೊಡುತ್ತದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಅನ್ನುವ ಹಾಗಾಗಿದೆ ನನ್ನ ಕಥೆ.

ಬೇಗ ಬರಿ.

ಅಕ್ಕ

*

ಫೆಬ್ರವರಿ ೧೭

ಅಕ್ಕಾ,

ಡಾಕ್ಟರ ಮಾತು ಓದಿದೆ. ನನಗೆ ಬರುವುದನ್ನೇ ಬರೆಯುತ್ತೇನೆ.

ತಣ್ಣಗಿದ್ದು ಪಕ್ಕನೆ ಆರಿದರೆ ಅದು ಕರೆಂಟಿನ ದಾರಿಯ ತೊಂದರೆ. ಗೋಡೆಯಿಂದ ಶುರುಮಾಡಿ ಯಂತ್ರದವರೆಗೆ ಒಂದೊಂದೇ ಹೆಜ್ಜೆ ನೋಡಿಕೊಂಡು ಬರಬೇಕು. ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಒಂದು ಟೇಬಲ್ ಲ್ಯಾಂಪ್ ಸಿಕ್ಕಿಸು. ಮುಂದಿನ ಸಲ ಆರಿದಾಗ ಲ್ಯಾಂಪೂ ಆರಿದರೆ ತಪ್ಪು ಗೋಡೆಯದ್ದು. ಲ್ಯಾಂಪ್ ಉರಿಯುತ್ತಿದ್ದರೆ ತಪ್ಪು ಚಾರ್ಜರಿನದ್ದು ಅಥವಾ ಯಂತ್ರದ್ದು. ಹೊಸ ಚಾರ್ಜರ್ ಇದರ ಜೊತೆಗೇ ಕಳಿಸುತ್ತಿದ್ದೇನೆ, ಹಳೆಯದನ್ನು ಎಸೆದುಬಿಡು.

ಆಮೇಲೆ ಹಿಂಬದಿಯ ಚಿಕ್ಕ ಮುಚ್ಚಳ ತೆಗೆದರೆ ಬೆರಳುದ್ದದ ಹಸಿರು ಪಟ್ಟಿ ಕಾಣುತ್ತದೆ, ಅದೇ ಮೆಮೊರಿ. ಎಳೆದು ತೆಗೆದು, ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಟಕ್ ಅನ್ನುವಂತೆ ಕೂರಿಸು.

ಇಷ್ಟಕ್ಕೂ ಸರಿಹೋಗದಿದ್ದರೆ ಒಂದು ವಿಷಯ ಗಮನಿಸಿ ಬರಿ. ಆರುವಾಗ ಭಾವ ಏನು ಮಾಡುತ್ತಿರುತ್ತಾರೆ? ನೀನು ಏನು ಮಾಡುತ್ತಿರುತ್ತೀಯ? ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಕೆಟ್ಟ ಯಂತ್ರ ಸುಮ್ಮಸುಮ್ಮನೆ ಕೆಡುವುದಿಲ್ಲ, ಅದಕ್ಕೂ ಒಂದು ಹೊತ್ತುಗೊತ್ತು ಇರುತ್ತದೆ.

ನೀನು ಊಟ ಮಾಡುತ್ತಿದ್ದೀಯಾ? ಊಟದ ಬಿಡುವಿನಲ್ಲೆಲ್ಲ ಕಾಗದ ಬರೆದರೆ ತಿನ್ನುವುದು ಯಾವಾಗ?

ಗುಬ್ಬಿ

*

ಮಾರ್ಚ್ ೬

ಗುಬ್ಬಿ,

ಲ್ಯಾಂಪ್ ಆರಲಿಲ್ಲ. ಹೊಸ ಚಾರ್ಜರ್ ಹಾಕಿದೆ, ಉಪಯೋಗವಿಲ್ಲ. ಹಸಿರು ಪಟ್ಟಿ ಉಜ್ಜಿದೆ, ಟಕ್ ಅಂದಿತು, ಉಪಯೋಗವಿಲ್ಲ. ನನಗೂ ಯಾರಾದರೂ ಮುಚ್ಚಳ ತೆಗೆದು ರಬ್ಬರ್ ಹಾಕಿ ಉಜ್ಜಿದರೆ ಚೆನ್ನಾಗಿತ್ತು.

ವೈರು ಕೇಳಿದೆ. ಬೋರ್ಡು ಮಂಚದ ಕಾಲ್ಬದಿಯ ಗೋಡೆಯಲ್ಲಿದೆ. ಅಲ್ಲಿಂದ ವೈರು ಹಾಸಿಗೆ ಹತ್ತಿ, ಚಾರ್ಜರಿನ ಕಪ್ಪು ಡಬ್ಬಿ ಅವರ ಕಾಲ ಬಳಿ ಹೊದಿಕೆಯ ಕೆಳಗಿರುತ್ತದೆ. ನೆಲದ ಮೇಲಿಟ್ಟರೆ ವೈರು ಯಂತ್ರದವರೆಗೆ ಮುಟ್ಟುವುದಿಲ್ಲ.

ಯಾವಾಗ ಆರುತ್ತದೆ ಅಂತ ಕೇಳಿದೆಯಲ್ಲ, ಗಮನಿಸಿದೆ. ಭಾನುವಾರ ಡ್ರೈವಿಂಗ್ ಸ್ಕೂಲಿನ ಯಜಮಾನರು ಬಂದಿದ್ದರು. ಕ್ಲಚ್ಚು ಬ್ರೇಕು ಗೊತ್ತಿಲ್ಲದೆ ಕಾರನ್ನು ಮದುವೆ ಚಪ್ಪರಕ್ಕೆ ನುಗ್ಗಿಸಿದ ಯಾವನೋ ಶಿಷ್ಯನ ಕಥೆ ತೆಗೆದರು. ನಿನ್ನ ಭಾವ ಒಂದೊಂದೇ ಅಕ್ಷರ ಒತ್ತಿ, "ಊಟ ಮಾಡಿಯೇ ಬಂದ" ಅಂತ ಆ ಹೆಂಗಸಿನ ಧ್ವನಿಯಲ್ಲಿ ಹೇಳಿದಾಗ ಯಜಮಾನರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಮಧ್ಯಾಹ್ನವೆಲ್ಲ ನಡೆಯಿತು. ಒಮ್ಮೆಯೂ ಆರಲಿಲ್ಲ.

ಆಯಾ ಜೊತೆ ಇದ್ದಾಗ ಆರುವುದಿಲ್ಲ. ಹಾಡು ಹಾಕಿಕೊಂಡಾಗ ಆರುವುದಿಲ್ಲ. ನಾನು ಕೆಲಸದಿಂದ ಬಂದು, ಕೈಕಾಲು ತೊಳೆದು, ಸ್ಟೂಲ್ ಎಳೆದುಕೊಂಡು ಹತ್ತಿರ ಕೂತಾಗ ಆರುತ್ತದೆ. ಇಡೀ ದಿನ ಓಡಿ ಸಂಜೆಗೆ ಅದಕ್ಕೂ ದಣಿವಾಗುತ್ತದೋ ಏನೋ. ನಾನು ದಿನಾ ಕೇಳುವುದು ಒಂದೇ: "ಏನಂತೀರಿ? ಡಾಕ್ಟರಿಗೆ ಏನು ಹೇಳೋಣ?" ಅವರು ಗುಂಡಿ ಒತ್ತಲು ಶುರುಮಾಡುತ್ತಾರೆ, ಮೊದಲ ಅಕ್ಷರವೂ ಕೂರುವುದಿಲ್ಲ, ಕಪ್ಪು. ನನ್ನ ಹಣೆಬರಹ ನೋಡು.

ಡಾಕ್ಟರು ಇನ್ನು ಒಂದು ತಿಂಗಳೊಳಗೆ ಹೇಳಿ ಅಂದಿದ್ದಾರೆ. "ಹೂಂ ಅಂದರೆ ಒಂದು ಸಲ ಕಣ್ಣು ಮಿಟುಕಿಸಿ" ಅಂತ ಕೇಳಬಹುದಿತ್ತು, ಕೇಳಿದೆ ಕೂಡ. ಮಿಟುಕಿಸದೆ ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರು ಬರುವವರೆಗೂ ಮಿಟುಕಿಸಲಿಲ್ಲ. ಇಂಥಾ ದೊಡ್ಡ ವಿಷಯವನ್ನು ಮಾತಿನಲ್ಲೇ ಹೇಳಬೇಕು ಅಂತ ಅವರ ಮನಸ್ಸಿನಲ್ಲಿರಬೇಕು. ಅದಕ್ಕೇ ಯಂತ್ರ ಸರಿಯಾಗಲಿ ಅನ್ನುತ್ತಿರುವುದು.

ಸಾಕಾಗಿದೆ ಕೂಸೇ. ನಿನ್ನೆ ಮಡಚುತ್ತಾ ಮಡಚುತ್ತಾ ನಿಂತಲ್ಲೇ ಕಣ್ಣು ಹತ್ತಿತ್ತಂತೆ. ಜೊತೆಯವಳು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು, ಎಳೆಯದೆ ಹಾಗೇ ಕಾದಳಂತೆ.

ಅಕ್ಕ

*

ಮಾರ್ಚ್ ೧೪

ಅಕ್ಕಾ,

ಬ್ಯಾಟರಿ ಸಿಕ್ಕಿತು! ಮೂಲೆಯಲ್ಲಿ ಬಿದ್ದಿದ್ದ ಅದೇ ಮಾದರಿಯ ಒಡೆದ ಯಂತ್ರವೊಂದರಲ್ಲಿ ಇತ್ತು. ಪರೀಕ್ಷೆ ಮಾಡಿದ್ದೇನೆ, ಗಟ್ಟಿ ಇದೆ. ಚಾರ್ಜರೂ ಹೊಸದು, ಮೆಮೊರಿಯೂ ಸರಿ, ಗೋಡೆಯೂ ಸರಿ ಅಂದ ಮೇಲೆ ಎಲ್ಲೋ ಕಣ್ಣಿಗೆ ಕಾಣದ ಸಡಿಲವಿದೆ. ಹೊದಿಕೆಯ ಕೆಳಗೆ ಡಬ್ಬಿ ಅತ್ತಿತ್ತ ಸರಿದು ಬಿಟ್ಟುಕೊಳ್ಳುತ್ತಿರಬೇಕು. ಬ್ಯಾಟರಿ ಹಾಕಿದರೆ ವೈರು ಬಿಟ್ಟರೂ ಯಂತ್ರ ಆರುವುದಿಲ್ಲ. ಆ ತಾಪತ್ರಯವೇ ಮುಗಿಯಿತು.

ನಾಳೆಯೇ ಪಾರ್ಸಲ್ ಹಾಕುತ್ತೇನೆ, ಅಂಚೆಯಲ್ಲಿ, ನಿಧಾನದ ದಾರಿಯಲ್ಲಿ. ಬ್ಯಾಟರಿ ಅಂದರೆ ಕೊರಿಯರಿನವರು ತೆಗೆದುಕೊಳ್ಳುವುದಿಲ್ಲ. ಎರಡು ವಾರ ಹಿಡಿದೀತು. ಅಲ್ಲಿಯವರೆಗೆ ಅವರನ್ನು ಆ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ನೋಡು. ಸುಮ್ಮನೆ ಹೇಳಿದೆ.

ಗುಬ್ಬಿ

*

ಮಾರ್ಚ್ ೧೮

(ಕಂಪ್ಯೂಟರಿನಿಂದ, ಇ-ಮೇಲ್)

ಗುಬ್ಬಿ,

ಭಾವ. ಬೆಳಗಿನಿಂದ ಒತ್ತುತ್ತಿದ್ದೇನೆ. ಚಿಕ್ಕದಾಗಿ ಬರೆದರೆ ಸಿಟ್ಟು ಅಂದುಕೊಳ್ಳಬೇಡ.

ನಿನ್ನ ಕಾಗದ ಅಕ್ಕ ಓದಿದಳು. ಬ್ಯಾಟರಿ ಕಳಿಸಬೇಡ.

ಯಂತ್ರ ಚೆನ್ನಾಗಿದೆ. ಆರಿಸುತ್ತಿರುವುದು ನಾನು. ಎಡಗಾಲಲ್ಲಿ ಡಬ್ಬಿ ತಳ್ಳುತ್ತೇನೆ, ವೈರು ಬಿಡುತ್ತದೆ. ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ನನಗೆ ಉಳಿದಿರುವುದು ಅದೊಂದೇ.

ಕೊಳವೆ ನನಗೆ ಬೇಡ. ಅವಳಿಗೆ ಬೇಕು. ಬೇಡ ಅಂದರೆ ಅಳುವವಳಲ್ಲ, ವಾದ ಮಾಡುವವಳು. ವಾದಕ್ಕೆ ನನ್ನ ಬೆರಳು ಸಾಲದು. ಅವಳು ಹತ್ತು ಮಾತು ಆಡುವಷ್ಟರಲ್ಲಿ ನನ್ನದು ಒಂದು ಅಕ್ಷರ. ಸೋತು ಹೂಂ ಅಂದುಬಿಡುತ್ತೇನೆ. ಮದುವೆಯಾದಾಗಿನಿಂದ ಹಾಗೇ.

ಅವಳು ನಿಂತಲ್ಲೇ ನಿದ್ದೆ ಮಾಡುತ್ತಾಳೆ. ಇನ್ನೂ ವರ್ಷಗಟ್ಟಲೆ ಅಂದರೆ ಏನು ಅಂತ ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು, ದಿನವಿಡೀ ನೋಡುತ್ತೇನೆ.

ಅವಳಿಗಾಗಿ ಮಾತ್ರ ಅಲ್ಲ. ನನಗೂ ಸಾಕು.

ಭಾವ

*

ಮಾರ್ಚ್ ೧೯

(ಕಂಪ್ಯೂಟರಿನಿಂದ, ಇ-ಮೇಲ್)

ಭಾವ,

ನಿಮ್ಮ ಪತ್ರವನ್ನು ಅಂಗಡಿಯಲ್ಲಿ, ಗಿರಾಕಿಗಳ ಮುಂದೆಯೇ ಓದಿದೆ. ಒಬ್ಬರು "ಏನಮ್ಮಾ, ನನ್ನ ಕಂಪ್ಯೂಟರ್ ಉಳಿಯಲ್ವಾ?" ಅಂತ ಕೇಳಿದರು. ನನ್ನ ಮುಖ ಹಾಗಿತ್ತಂತೆ.

ಪಾರ್ಸಲ್ ಹೋಗಿಬಿಟ್ಟಿದೆ. ಅಂಚೆ ಕಚೇರಿಗೆ ಓಡಿದೆ, ಮೊದಲ ದಿನವೇ ಗಾಡಿ ಹತ್ತಿದೆಯಂತೆ. ವಾಪಸು ತರಿಸಲಾಗದು.

ಅಕ್ಕನಿಗೆ ನಾನು ಹೇಳುವುದಿಲ್ಲ. ಹೇಳಿದರೆ ಅದು ನಿಮ್ಮ ಮಾತಾಗುವುದಿಲ್ಲ, ನನ್ನ ಮಾತಾಗುತ್ತದೆ. ಆದರೆ ಬ್ಯಾಟರಿ ಬಂದಾಗ "ಹಾಕಬೇಡ" ಅಂತ ಅವಳಿಗೆ ಸುಳ್ಳು ಹೇಳಲೂ ನನಗಾಗದು. ಅವಳು ಲಾಂಡ್ರಿಯ ಹಬೆಯಲ್ಲಿ ಊಟ ಬಿಟ್ಟು ನನಗೆ ಬರೆಯುತ್ತಾಳೆ. ಯಂತ್ರ ಸರಿಯಾದರೆ ನೀವು ಹೂಂ ಅನ್ನುತ್ತೀರಿ ಅಂತ ನಂಬಿದ್ದಾಳೆ.

ಇನ್ನೂ ಹತ್ತು ದಿನವಿದೆ. ಒಂದು ದಿನಕ್ಕೆ ಒಂದು ಸಾಲಾದರೂ ಬರೆದಿಟ್ಟುಕೊಳ್ಳಬಹುದು. ವಾದ ಮಾಡುವ ಹಾಗಿಲ್ಲ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಅವಳು ಕೇಳಿದಾಗ ಒಂದೇ ಸಲ ಗುಂಡಿ ಒತ್ತಿದರೆ ಎಲ್ಲವನ್ನೂ ಓದಿ ಹೇಳುತ್ತದೆ. ಹೇಗೆ ಉಳಿಸಿಡಬೇಕು ಅಂತ ಕೆಳಗೆ ಬರೆದಿದ್ದೇನೆ. ನನಗೆ ಗೊತ್ತಿರುವುದು ಇಷ್ಟೇ ಭಾವ.

ನಿಮ್ಮ ಗುಬ್ಬಿ

*

ಏಪ್ರಿಲ್ ೨

ಗುಬ್ಬಿ,

ನಿನಗೆ ಗೊತ್ತಿತ್ತಂತೆ.

ಬ್ಯಾಟರಿ ಶನಿವಾರ ಬಂತು. ಹಾಕಿದೆ. ಅವರ ಮುಖ ನೋಡಬೇಕಿತ್ತು ನಾನು, ನೋಡಲಿಲ್ಲ. ಕೊಂಡಿ ಸರಿಯಾಗಿ ಕೂತಿತಾ ಅಂತ ಅದನ್ನೇ ನೋಡುತ್ತಿದ್ದೆ. ಸ್ಟೂಲ್ ಎಳೆದು ಕೂತೆ. "ಇವತ್ತು ಕೈಕೊಡಲ್ಲ ರೀ ಇದು. ಹೇಳಿ. ಡಾಕ್ಟರಿಗೆ ಏನನ್ಲಿ?" ಅಂದೆ.

ಹೊದಿಕೆಯ ಕೆಳಗೆ ಅವರ ಪಾದ ಅಲ್ಲಾಡಿತು. ಕಪ್ಪು ಡಬ್ಬಿ ಹಾಸಿಗೆಯಿಂದ ಜಾರಿ ದಡ್ ಅಂತ ನೆಲಕ್ಕೆ ಬಿತ್ತು. ವೈರಿನ ತುದಿ ಬಿಟ್ಟುಕೊಂಡು ನೇತಾಡಿತು. ಪರದೆಯ ಬೆಳಕು ಒಂದಿಷ್ಟು ತಗ್ಗಿತು. ಆರಲಿಲ್ಲ.

ನಾನು ಡಬ್ಬಿ ನೋಡಿದೆ. ಅವರ ಕಾಲು ನೋಡಿದೆ. ಕಾಲು ಇನ್ನೂ ಹುಡುಕುತ್ತಿತ್ತು ಗುಬ್ಬಿ, ಡಬ್ಬಿ ಅಲ್ಲಿಲ್ಲ ಅಂತ ಅದಕ್ಕೆ ಗೊತ್ತಾಗಿರಲಿಲ್ಲ. ಆಮೇಲೆ ಅವರ ಮುಖ ನೋಡಿದೆ. ಸಿಕ್ಕಿಬಿದ್ದ ಮಕ್ಕಳ ಮುಖ ಹಾಗಿರುತ್ತದೆ. ದಿನಾ ಸಂಜೆ ನಾನು ಮಂಡಿಯೂರಿ ವೈರು ಕಿತ್ತು ಸಿಕ್ಕಿಸಿ, ದೇವರೇ ದೇವರೇ ಅಂದಿದ್ದೆಲ್ಲ ಒಟ್ಟಿಗೆ ನೆನಪಾಯಿತು.

"ನೀವಾ?" ಅಂದೆ.

ಅಕ್ಷರಗಳು ಬೆಳಗುತ್ತಾ ಹೋದವು. ಅವರು ಒತ್ತಿದರು. ಆ ಹೆಂಗಸು ಹೇಳಿದಳು: "ಬೇಡ."

"ಏನು ಬೇಡ? ಚಹಾ ಬೇಡ್ವಾ?" ಅಂದೆ. ನನಗೆ ಗೊತ್ತಾಗಲಿಲ್ಲ ಅಂತಲ್ಲ.

ಆಗ ಅವರು ಒಂದೇ ಒಂದು ಸಲ ಗುಂಡಿ ಒತ್ತಿದರು. ಮೊದಲೇ ಬರೆದಿಟ್ಟಿದ್ದರಂತೆ, ನಿನ್ನ ಉಪಾಯವಂತೆ. ವಾರ್ತೆಯವಳು ಶುರುಮಾಡಿದಳು. "ವಾದ ಮಾಡಬೇಡ. ಗಂಟಲಿಗೆ ತೂತು ಬೇಡ. ಉಸಿರಿನ ಯಂತ್ರ ಬೇಡ. ನಿನ್ನ ಮೇಲೆ ಬೇಸರದಿಂದಲ್ಲ. ನೀನು ಚೆನ್ನಾಗಿ ನೋಡಿಕೊಂಡೆ. ನಾನು ಎಷ್ಟು ದಿನ ಇರುತ್ತೇನೋ ಅಷ್ಟು ದಿನ ನಿನ್ನ ಜೊತೆ ಹರಟೆ ಹೊಡೆಯಬೇಕು. ದಿನಾ ಇದೊಂದನ್ನೇ ಕೇಳಿದರೆ ಹರಟೆ ಯಾವಾಗ?"

ವಾದ ಮಾಡಬೇಡ ಅಂದರೂ ಮಾಡಿದೆ. ನಿನಗೆ ನನ್ನ ಬಾಯಿ ಗೊತ್ತಲ್ಲ. ಕೂಗಾಡಿದೆ. "ನಾನೇನು ಕೇಳಿದ್ನಾ, ನಂಗೆ ಕಷ್ಟ ಅಂತ? ಯಾರು ಹೇಳಿದ್ರು ನಿಮ್ಗೆ? ನನ್ನ ಬಿಟ್ಟು ಹೋಗೋಕೆ ಇಷ್ಟು ಅವಸರಾನಾ?" ಅಂದೆ. ಪಕ್ಕದ ಮನೆಯವರು ಟಿ.ವಿ. ಸದ್ದು ಕಡಿಮೆ ಮಾಡಿದ್ದು ಕೇಳಿಸಿತು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅವರು ಒಂದೊಂದೇ ಅಕ್ಷರ ಒತ್ತಿದರು: "ಸುಸ್ತು."

"ಯಾರಿಗೆ ಸುಸ್ತು? ನಿಮ್ಗಾ, ನಂಗಾ?"

"ಇಬ್ಬರಿಗೂ."

ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನಿನ್ನ ಮೇಲೆ ನನಗೆ ಕೋಪವಿದೆ. ಅವರು ನನಗೆ ಹೇಳದ್ದನ್ನು ನಿನಗೆ ಹೇಳಿದರು. ಅವರು ಹಾಸಿಗೆ ಹಿಡಿದ ಮೇಲೆ ಒಮ್ಮೆಯೂ ಹತ್ತಿರ ಬಂದು ಕೂರದ ನಿನಗೆ. ಆ ಬ್ಯಾಟರಿ ಕಳಿಸದಿದ್ದರೆ ಏನಾಗುತ್ತಿತ್ತು? ದಿನಾ ಕೇಳುತ್ತಿದ್ದೆ, ದಿನಾ ಆರುತ್ತಿತ್ತು, ದಿನಾ ನಾಳೆ ಅಂತ ಇರುತ್ತಿತ್ತು.

ಅಕ್ಕ

*

ಏಪ್ರಿಲ್ ೯

ಅಕ್ಕಾ,

ನಿನ್ನ ಕಾಗದಕ್ಕೆ ಉತ್ತರ ನಾಲ್ಕು ಸಲ ಬರೆದೆ. ನಾಲ್ಕರಲ್ಲೂ ನಾನು ಬುದ್ಧಿವಂತೆಯ ಹಾಗೆ ಮಾತಾಡಿದ್ದೆ. ಹರಿದು ಹಾಕಿದೆ.

ಶುಕ್ರವಾರ ಅಲ್ಲಿಗೆ ಬರುತ್ತಿದ್ದೇನೆ. ಒಂದು ವಾರ ಇರುತ್ತೇನೆ. ಅಂಗಡಿ ಮುಚ್ಚಿರುತ್ತದೆ, ಮುಚ್ಚಿರಲಿ. ಸ್ಕ್ರೂಡ್ರೈವರ್ ತರುವುದಿಲ್ಲ.

ನಾನು ಇಷ್ಟು ದಿನ ಬರದಿದ್ದದ್ದು ಕೆಲಸದಿಂದಲ್ಲ, ನಿನಗೂ ಗೊತ್ತಿದೆ. ಅದರ ಬಗ್ಗೆ ಬಂದಾಗ ಬೈಯಿ. ಕಾಗದದಲ್ಲಿ ಬೈದರೆ ಎಂಟು ದಿನ ಕಾಯಬೇಕು.

ಗುಬ್ಬಿ

*

ಜುಲೈ ೨೭

ಗುಬ್ಬಿ,

ನೀನು ಹೋದ ಮೇಲೆ ಇದು ಮೊದಲ ಕಾಗದ. ಫೋನಿನಲ್ಲಿ ಚೂರುಪಾರು ಹೇಳಿದ್ದೇನೆ, ಪೂರ್ತಿ ಹೇಳಿಲ್ಲ. ಕೂತು ಬರೆಯುವುದು ರೂಢಿಯಾಗಿದೆ, ಇದನ್ನೂ ಬರೆದೇ ಹೇಳುತ್ತೇನೆ.

ನಿನ್ನ ಭಾವ ಡಾಕ್ಟರಿಗೆ ತಾವೇ ಹೇಳಿದ್ದನ್ನು ನೀನು ಪಕ್ಕದಲ್ಲಿ ನಿಂತೇ ಕೇಳಿದೆ. ಆಮೇಲಿನ ಎರಡು ತಿಂಗಳು, ನಿಜ ಹೇಳಲಾ, ಚೆನ್ನಾಗಿತ್ತು. ಯಂತ್ರ ಒಮ್ಮೆಯೂ ಆರಲಿಲ್ಲ. ನಾನು ಏನನ್ನೂ ಕೇಳಲಿಲ್ಲ, ಅವರು ಎಲ್ಲವನ್ನೂ ಹೇಳಿದರು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ ನಾನು ಕೊಟ್ಟ ಚಹಾದಲ್ಲಿ ಸಕ್ಕರೆಯೇ ಇರಲಿಲ್ಲವಂತೆ. ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ ನೋಡು, ಬಾಯಿ ಹೋದ ಮೇಲೆ ಹೇಳಿದರು. ಲಾಂಡ್ರಿಯಲ್ಲಿ ಕಳೆದುಹೋದ ಒಂದು ದಿಂಬಿನ ಚೀಲದ ಕಥೆಯನ್ನು ನಾನು ವಾರಗಟ್ಟಲೆ ಎಳೆದೆ, ದಿನಾ ಸಂಜೆ "ಸಿಕ್ಕಿತಾ?" ಅನ್ನುವರು.

ಜೂನ್ ಕೊನೆಯಲ್ಲಿ ಬೆರಳು ಹೋಯಿತು. ಬೆಳಿಗ್ಗೆ ಒತ್ತಿದರು, ಸಂಜೆ ಆಗಲಿಲ್ಲ. ಅಕ್ಷರಗಳು ಬೆಳಗುತ್ತಾ ಬೆಳಗುತ್ತಾ ಹೋದವು, ಯಾವುದೂ ನಿಲ್ಲಲಿಲ್ಲ. ಆಮೇಲೆ ನಾನೇ ಆರಿಸಿದೆ. ಒರೆಸಿ, ಕಪಾಟಿನಲ್ಲಿಟ್ಟಿದ್ದೇನೆ.

ಈಗ ಕಣ್ಣೊಂದೇ. ನಾನು ಮಾತಾಡುತ್ತೇನೆ, ಅವರು ನೋಡುತ್ತಾರೆ. ಹೂಂ ಅಂದರೆ ಒಂದು ಸಲ ಮಿಟುಕಿಸುತ್ತಾರೆ, ಇಲ್ಲ, ಬೇಡ ಅಂದರೆ ಎರಡು. ಉತ್ತರ ಕೊಡುವ ಮನಸ್ಸಿಲ್ಲದಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮುಚ್ಚಿದರೆ ನಾನು ಮುಂದೆ ಕೇಳುವುದಿಲ್ಲ. ಎದ್ದು ಬಟ್ಟೆ ಒಣಗಹಾಕಿ ಬರುತ್ತೇನೆ. ಅಷ್ಟರಲ್ಲಿ ತೆರೆದಿರುತ್ತಾರೆ. ಇಷ್ಟು ಮಾತ್ರ ಕಲಿತೆ.

ಉಸಿರು ಕಷ್ಟವಾಗುತ್ತಿದೆ. ಸಂಕಟವಾಗದಿರಲಿ ಅಂತ ಡಾಕ್ಟರು ಔಷಧಿ ಕೊಟ್ಟಿದ್ದಾರೆ. ಇನ್ನೇನು ಹೆಚ್ಚು ದಿನವಿಲ್ಲ ಅಂದರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು. ಲಾಂಡ್ರಿಗೆ ರಜೆ ಹಾಕಿದ್ದೇನೆ. ಇದನ್ನು ಅವರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಏನು ಬರೆಯುತ್ತಿದ್ದೀನಿ ಅಂತ ಓದಿಯೂ ಹೇಳಿದೆ. ನೀನು ಬಾ. ಈ ಸಲ ಕೇಳುತ್ತಿದ್ದೇನೆ, ಬಾ.

ನಿನ್ನೆ ಸಂಜೆ ಸ್ಟೂಲ್ ಎಳೆದುಕೊಂಡು ಕೂತಾಗ, ಕೇಳಬಾರದು ಅಂತ ಇಷ್ಟು ದಿನ ನುಂಗಿಕೊಂಡಿದ್ದದ್ದು ಬಾಯಿಗೆ ಬಂದುಬಿಟ್ಟಿತು. "ಅವತ್ತು ಅಷ್ಟು ಕೂಗಾಡಿದ್ನಲ್ಲ, ನನ್ನ ಮೇಲೆ ಕೋಪ ಇದ್ಯಾ ರೀ?" ಅಂದೆ. ಅಂದ ಮೇಲೆ, ಈಗ ಕಣ್ಣು ಮುಚ್ಚುತ್ತಾರೆ, ನಾನು ಎದ್ದು ಹೋಗಬೇಕು ಅಂತ ಸೆರಗು ಸರಿಮಾಡಿಕೊಂಡೆ.

ಮುಚ್ಚಲಿಲ್ಲ. ಮೆಲ್ಲಗೆ ಎರಡು ಸಲ ಮಿಟುಕಿಸಿ, ನನ್ನನ್ನೇ ನೋಡುತ್ತಾ ಇದ್ದರು. ನೋಡುತ್ತಲೇ ಇದ್ದರು ಗುಬ್ಬಿ. ಮೊದಲು ಕಣ್ಣು ಮುಚ್ಚಿಕೊಂಡವಳು ನಾನು.

ಅಕ್ಕ